ಮಣ್ಣೂರಿನಲ್ಲಿ ತೆಗೆದ ರಕ್ತ

ಹವಳಗಾ ಹತ್ತಿರ ಬಂತು ಅಂದರೆ ಸಾಕು, ಬಸ್ಸಿನ ಕಿಟಕಿ ಮುಚ್ಚಿದ್ದರೂ ಕಾಕಂಬಿ ವಾಸನೆ ಒಳಗೆ ನುಗ್ಗುತ್ತದೆ. ಸಕ್ಕರೆ ಕಾರ್ಖಾನೆಯ ವಾಸನೆ ಅದು, ಸಿಹಿ ಮತ್ತು ಕೊಳೆತದ್ದು ಎರಡೂ ಕೂಡಿದ್ದು. ಮೊನ್ನೆ ನನ್ನ ಬಾಜೂ ಕೂತಿದ್ದ ಹೆಣ್ಣುಮಗಳು ಸೆರಗು ಮೂಗಿಗೆ ಹಿಡಿದು, "ಏನ್ ನಾರ್ತದ್ರೀ ಯವ್ವಾ" ಅಂದಳು. ನಾನೂ ದುಪಟ್ಟಾ ಹಿಡಿದೆ. ದವಾಖಾನೆಯಲ್ಲಿ ದುಡಿಯುವ ನನಗೆ ನಾತದ ಭಯ ಏನಿಲ್ಲ. ಆದರೆ ಆ ವಾಸನೆ ಬಂದ ಕೂಡಲೇ ಆ ಒಂದು ವರ್ಷ, ಮುಂಗಾರಿನಿಂದ ತೊಗರಿ ರಾಶಿಯ ತನಕ, ಎದೆ ಮೇಲೆ ಬಂದು ಕೂಡುತ್ತದೆ. ಆ ವರ್ಷ ನಾನು ಒಂದು ತಪ್ಪು ಮಾಡಿದೆ. ಹೋಗಲಿ ಬಿಡು, ಸಣ್ಣದು ಅಂತ ಸಮಾಧಾನ ಹೇಳಲು ಬಂದವರ ಜೊತೆ ನಾನು ಈಗಲೂ ಜಗಳಕ್ಕೇ ನಿಲ್ಲುತ್ತೇನೆ.

ನನ್ನ ಹೆಸರು ನಸೀಮಾ, ಊರು ಆಳಂದ. ಕಲಬುರಗಿಯ ಒಂದು ಕ್ಯಾನ್ಸರ್ ದವಾಖಾನೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ನರ್ಸ್ ಅಲ್ಲ, ಆದರೂ ಹಳ್ಳಿಯವರಿಗೆ ನಾನು "ಬಾಯಾರ". ಆ ವರ್ಷ ನನಗೆ ಹಚ್ಚಿದ ಕೆಲಸ ಇಷ್ಟೇ: ಆಳಂದ, ಅಫಜಲಪುರ, ಜೇವರ್ಗಿ ಮೂರು ತಾಲೂಕಿನ ಪೇಷಂಟುಗಳ ಮನೆಗೇ ಹೋಗಿ ರಕ್ತ ತೆಗೆದುಕೊಂಡು ಬರುವುದು. ಜೀನ್ ಪರೀಕ್ಷೆಗೆ. ಒಂದು ರಕ್ತ ಕೊಡುವುದಕ್ಕಾಗಿ ಅವರು ಎರಡು ಬಸ್ ಬದಲಿಸಿ ಕಲಬುರಗಿಗೆ ಬರುವುದು ಬೇಡ ಅಂತ ಡಾಕ್ಟರ್ ಮೇಡಂ ಮಾಡಿದ ವ್ಯವಸ್ಥೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದರು.

ಕಳಿಸುವ ಮುಂಚೆ ಅವರು ನನ್ನನ್ನು ಕೂಡಿಸಿಕೊಂಡು ತಿಳಿಸಿ ಹೇಳಿದ್ದರು. "ನಸೀಮಾ, ನಾವು ಹಾಕುವ ಪ್ಲಾಟಿನಂ ಔಷಧ ಕ್ಯಾನ್ಸರ್ ಕಣದ ಡಿಎನ್‌ಎಗೆ ಗಂಟು ಹಾಕ್ತದೆ. ಗಂಟು ಬಿದ್ದ ಕಣ ಸಾಯಬೇಕು. ಆದರೆ ಕಣದೊಳಗೆ ಆ ಗಂಟು ಬಿಚ್ಚಿ ರಿಪೇರಿ ಮಾಡುವ ಜೀನ್‌ಗಳೂ ಇರ್ತಾವೆ. ರಿಪೇರಿ ಜೋರಾಗಿದ್ದರೆ ಕ್ಯಾನ್ಸರ್ ಎದ್ದು ಕೂಡ್ತದೆ, ಔಷಧ ಸೋಲ್ತದೆ. ಕೆಲವರಿಗೆ ಹುಟ್ಟಿನಿಂದಲೇ ಆ ರಿಪೇರಿ ಜೀನ್ ಒಂದು ಕೆಟ್ಟಿರ್ತದೆ. ಅಂಥವರಿಗೆ ಕ್ಯಾನ್ಸರ್ ಬರುವ ಅಪಾಯ ಹೆಚ್ಚು, ಆದರೆ ಬಂದರೆ ಈ ಔಷಧಕ್ಕೆ ಬಹಳ ಸಲ ಬಗ್ಗುತ್ತದೆ."

"ಅಂದ್ರೆ ಕೆಟ್ಟಿದ್ರೇನೇ ಒಳ್ಳೇದು ಅಂದಂಗಾಯ್ತಲ್ರಿ ಮೇಡಂ?" ಅಂದೆ.

"ಔಷಧದ ಮಟ್ಟಿಗೆ ಹೌದು" ಅಂದರು. ಎಂಥಾ ಉಲ್ಟಾ ಲೆಕ್ಕಾಚಾರಪ್ಪಾ ಇದು ಅಂತ ನಾನು ನಕ್ಕಿದ್ದೆ. ಆಗ ನಗು ಬಂದಿತ್ತು.

ಮಣ್ಣೂರಿನ ಸುಗಲಾಬಾಯಿ ನನ್ನ ಪಟ್ಟಿಯಲ್ಲಿದ್ದ ಹೆಸರು. ಅಂಡಾಶಯದ ಕ್ಯಾನ್ಸರ್. ಆಪರೇಷನ್ ಆಗಿ, ಆರು ಸುತ್ತು ಪ್ಲಾಟಿನಂ ಆಗಿ, ಎಲ್ಲಾ ತಣ್ಣಗಾಯಿತು ಅನ್ನುವಷ್ಟರಲ್ಲಿ ಏಳೆಂಟು ತಿಂಗಳಿಗೇ ಬೇನೆ ತಿರುಗಿ ಬಂದಿತ್ತು. ಬಹಳ ಬೇಗ ಬಂದಿದ್ದರೆ ಔಷಧ ಸೋತಿತು ಅಂತ ಬದಲಿಸುತ್ತಿದ್ದರು. ತಡವಾಗಿ ಬಂದಿದ್ದರೆ ಅದನ್ನೇ ಮತ್ತೆ ಹಾಕುತ್ತಿದ್ದರು. ಇದು ಎರಡರ ನಡುವೆ. ಮೇಡಂ ಅನುಮಾನದಲ್ಲಿದ್ದರು. "ಇವಳ ಜೀನ್ ರಿಪೋರ್ಟ್ ಬರಲಿ. ರಿಪೇರಿ ಕೆಟ್ಟಿದ್ದರೆ ಪ್ಲಾಟಿನಂ ಮತ್ತೆ ಹಾಕೋಣ. ಇಲ್ಲದಿದ್ದರೆ ಬೇರೆ ಔಷಧ" ಅಂದಿದ್ದರು. ಸುಗಲಾಬಾಯಿಯ ಮುಂದಿನ ದಾರಿ ನಾನು ತರುವ ಒಂದು ನಳಿಕೆ ರಕ್ತದ ಮೇಲೆ ನಿಂತಿತ್ತು. ಇದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಅಂತ ಹೇಳಲಾರೆ.

ನಾನು ಮಣ್ಣೂರಿಗೆ ಹೋದ ದಿನ ಭೀಮಾ ನದಿ ಏರುತ್ತಿತ್ತು. ಮೇಲಿನ ಡ್ಯಾಮಿನಿಂದ ನೀರು ಬಿಟ್ಟಿದ್ದಾರಂತೆ ಅಂತ ಬಸ್ಸಿನ ತುಂಬಾ ಅದೇ ಮಾತು. ಊರ ಗಂಡಸರೆಲ್ಲ ನದಿ ದಂಡೆಯಿಂದ ಪಂಪ್‌ಸೆಟ್ ಎತ್ತಿ ತರಲು ಹೋಗಿದ್ದರು. ಇಳಿಯುವಾಗ ಕಂಡಕ್ಟರ್, "ಬಾಯಾರ, ಇದೇ ಗಾಡಿ ಅರ್ಧಾ ತಾಸಿಗೆ ತಿರುಗತದ. ಆಮ್ಯಾಲ ಇವತ್ತ ಗಾಡಿ ಇಲ್ಲ ನೋಡ್ರಿ" ಅಂದ. ಮಳೆ ಸುರಿಯುತ್ತಿತ್ತು. ಚಪ್ಪಲಿಗೆ ಕರಿ ಮಣ್ಣು ಮೆತ್ತಿ ಒಂದೊಂದು ಕಾಲು ಒಂದೊಂದು ಮಣ ಆಗಿತ್ತು. ಮನೆ ಹುಡುಕುವುದರಲ್ಲೇ ಹತ್ತು ನಿಮಿಷ ಹೋಯಿತು.

ಬಾಗಿಲಲ್ಲಿ ನಿಂತು, "ಸುಗಲಾಬಾಯಿ ಮನಿ ಇದೇನ್ರಿ? ಕಲಬುರಗಿ ದವಾಖಾನಿಯಿಂದ ಬಂದೀನ್ರಿ, ರಕ್ತ ತಗೊಳ್ಳಾಕ" ಅಂದೆ.

ಒಳಗಿನಿಂದ, "ಬರ್ರಿ, ಕೂಡ್ರಿ" ಅಂತ ಹೆಣ್ಣು ದನಿ. ಆಮೇಲೆ ಪಿಸುಪಿಸು ಮಾತು. ಒಬ್ಬ ಹೆಂಗಸು ತಲೆ ಮೇಲೆ ಸೆರಗು ಹೊದ್ದು ಹೊರಗೆ ಬಂದು, ಪಡಸಾಲೆಯಲ್ಲಿ ನನ್ನ ಎದುರು ಕೂತು ಎಡಗೈ ಚಾಚಿದಳು.

"ನಿಮ್ಮ ಹೆಸರು?"

"ಸುಗಲಾಬಾಯಿ."

ಗಂಡನ ಹೆಸರು ಹೇಳಿದಳು, ವಯಸ್ಸು ಹೇಳಿದಳು. ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳು. ನಿಯಮದ ಪ್ರಕಾರ ನಾನು ಆಧಾರ್ ಕಾರ್ಡ್ ತರಿಸಿ ಫೋಟೋ ನೋಡಿ ಮುಖ ತಾಳೆ ಮಾಡಬೇಕು. ಕೇಳಿದೆ. "ಟ್ರಂಕಿನ್ಯಾಗ ಅದ್ರಿ, ಹುಡುಕಬೇಕು" ಅಂದಳು. ಅಷ್ಟರಲ್ಲಿ ಆ ಕಂಡಕ್ಟರ್ ಮಾರಾಯ ಹಾರ್ನ್ ಹೊಡೆಸಿದ. ಇರಲಿ ಬಿಡು ಅಂದುಕೊಂಡೆ. ತೋಳಿಗೆ ಪಟ್ಟಿ ಬಿಗಿದೆ. ಎಂಥಾ ನರ ಅಂತೀರಿ! ಮುಟ್ಟಿದರೆ ಬೆರಳಿಗೆ ಪುಟಿಯುತ್ತಿತ್ತು. ಒಂದೇ ಚುಚ್ಚಿಗೆ ನಳಿಕೆ ತುಂಬಿತು. ನನಗೆ ಖುಷಿಯಾಯಿತು. ಥೂ ನನ್ನ ಜನ್ಮಕ್ಕೆ! ಹನ್ನೆರಡು ವರ್ಷದಿಂದ ಇದೇ ಕೆಲಸ ಮಾಡುವವಳು ನಾನು. ಆರು ಸುತ್ತು ಕೀಮೋ ಆದ ಕೈಯಲ್ಲಿ ಅಂಥ ನರ ಇರುವುದಿಲ್ಲ. ಸುಟ್ಟ ದಾರದಂಗೆ ಕಪ್ಪಗೆ, ಗಟ್ಟಿಯಾಗಿ, ಮುಟ್ಟಿದರೆ ಜಾರಿ ಹೋಗುತ್ತವೆ. ಬೇರೆ ಯಾರಿಗೆ ಗೊತ್ತಾಗದಿದ್ದರೂ ನನಗೆ ಗೊತ್ತಾಗಬೇಕಿತ್ತು. ನಾನು ಹೆಸರು ಬರೆದ ಚೀಟಿ ಅಂಟಿಸಿ, ಡಬ್ಬಿಯಲ್ಲಿಟ್ಟು, ಛಾ ಕುಡಿದು ಹೋಗ್ರಿ ಅಂದವಳಿಗೆ ಬ್ಯಾಡ್ರಿ ಅಂತ ಕೈ ಮಾಡಿ ಬಸ್ಸಿಗೆ ಓಡಿದೆ.

ರಿಪೋರ್ಟ್ ಬರಲು ಒಂದು ತಿಂಗಳು ಹಿಡಿಯಿತು. ರಿಪೇರಿ ಜೀನ್ ಕೆಟ್ಟಿದೆ ಅಂತ ಬಂದಿತ್ತು. ಮೇಡಂ ಮುಖ ಅರಳಿತು. ಫೋನ್ ನಾನೇ ಮಾಡಿದೆ, ಒಳ್ಳೆ ಸುದ್ದಿ ನನ್ನ ಬಾಯಿಂದಲೇ ಹೋಗಲಿ ಅಂತ.

"ಅಕ್ಕಾ, ಮತ್ತ ಪ್ಲಾಟಿನಂ ಹಾಕ್ತಾರಂತ್ರಿ. ನಿಮಗ ಅದೇ ಚಲೋ ಹತ್ತತದಂತ" ಅಂದೆ.

ಆ ಕಡೆಯಿಂದ ಸಣ್ಣ ದನಿಯ ನಗು ಕೇಳಿತು. "ನಮ್ಮ ಮನಿಯವ್ರು ಲಗ್ನಾದಾಗಿಂದ ಕೊರಳಿಗಿ ಒಂದು ಗುಂಜಿ ಬಂಗಾರ ಹಾಕ್ಲಿಲ್ಲ. ನಿಮ್ಮ ಡಾಕ್ಟರು ನೋಡ್ರಿ, ನರದಾಗ ಪ್ಲಾಟಿನಂ ಹಾಕಾಕತ್ತಾರ!"

ಆಮೇಲೆ ಪ್ರತಿ ಸುತ್ತಿಗೂ ಮೊದಲು ಅವಳಿಗೆ ಫೋನ್ ಮಾಡುವ ರೂಢಿಯಾಯಿತು. ಲ್ಯಾಬ್ ಕೆಳಗಿದ್ದದ್ದರಿಂದ ವಾರ್ಡಿಗೆ ನಾನು ಹೋಗುತ್ತಿರಲಿಲ್ಲ, ಮುಖ ನೋಡಿರಲಿಲ್ಲ. ಆದರೆ ಮಾತು ಬಹಳ ಆಯಿತು. ವಾಂತಿ ಹೇಳುತ್ತಿದ್ದಳು, ಬಾಯಿ ಹುಣ್ಣು ಹೇಳುತ್ತಿದ್ದಳು, ನಡುವೆ ನನ್ನ ಲಗ್ನದ ಮಾತೂ ತೆಗೆಯುತ್ತಿದ್ದಳು. "ಬಾಯಾರ, ಎಲ್ಲಾರ್ದೂ ನರ ಹುಡುಕ್ತೀರಿ, ನಿಮಗೊಂದು ಗಂಡ ಸಿಗವಲ್ಲ ಅಂತೀರಿ" ಅನ್ನುತ್ತಿದ್ದಳು. ನಾನು ಆ ದನಿಗೆ ಮಳೆಯ ದಿನ ನೋಡಿದ ಆ ಗಟ್ಟಿಮುಟ್ಟು ಹೆಂಗಸಿನ ಮುಖ ಹಚ್ಚಿಕೊಂಡಿದ್ದೆ. ಮೊದಲ ಸುತ್ತು ಆಯಿತು, ಎರಡನೆಯದಾಯಿತು. ಮೂರನೆಯದು ಆಗುವಷ್ಟರಲ್ಲಿ ಫೋನಿನಲ್ಲಿ ನಗು ನಿಂತಿತ್ತು. "ಹೊಟ್ಟ್ಯಾಗ ನೀರ ತುಂಬಾಕತ್ತದ್ರಿ, ಸೀರಿ ಸುತ್ತಾಕ ಬರವಲ್ದು" ಅಂದಳು. ಸ್ಕ್ಯಾನಿನಲ್ಲಿ ಗಂಟುಗಳು ದೊಡ್ಡವಾಗಿದ್ದವು.

ಮೇಡಂ ತಲೆ ಕೆಡಿಸಿಕೊಂಡರು. ಹತ್ತಬೇಕಾದ ಔಷಧ ಯಾಕೆ ಹತ್ತಲಿಲ್ಲ, ಯಾಕೆ ಗುಣ ಕೊಡಲಿಲ್ಲ? "ಕ್ಯಾನ್ಸರ್ ಕಣಗಳು ಕೆಲವು ಸಲ ತಾವೇ ರಿಪೇರಿ ಕಲಿತುಬಿಡ್ತಾವೆ. ಅದಾಗಿದೆಯೋ ನೋಡಬೇಕು. ಅವಳು ಸ್ಕ್ಯಾನ್ ಮುಗಿಸಿ ಊರಿಗೆ ಹೋಗಿಬಿಟ್ಟಿದ್ದಾಳೆ, ನೀನೇ ಹೋಗಿ ಇನ್ನೊಂದು ಸಲ ರಕ್ತ ತಗೊಂಡು ಬಾ ನಸೀಮಾ" ಅಂದರು.

ಎರಡನೇ ಸಲ ಹೋದಾಗ ಮಣ್ಣೂರಿನಲ್ಲಿ ತೊಗರಿ ರಾಶಿ ನಡೆದಿತ್ತು. ಹವಳಗಾದ ಕಾಕಂಬಿ ವಾಸನೆ ನನ್ನ ಬಟ್ಟೆಗೆಲ್ಲ ಹತ್ತಿತ್ತು, ಅದರ ಮೇಲೆ ತೊಗರಿ ಹೊಟ್ಟಿನ ಧೂಳು. ಆ ಮನೆಯ ಅಂಗಳದಲ್ಲಿ ಒಬ್ಬಳು ಮೊರದಲ್ಲಿ ತೊಗರಿ ಕೇರುತ್ತ ನಿಂತಿದ್ದಳು. ಅದೇ ಮುಖ. ಕೆನ್ನೆ ತುಂಬಿತ್ತು, ತೋಳು ಗಟ್ಟಿ ಇತ್ತು, ಹೊಟ್ಟೆ ಚಪ್ಪಟೆ. ನನ್ನ ಜೀವ ಹೂವಾಯಿತು. ಸ್ಕ್ಯಾನ್ ಯಾರದೋ ಅದಲು ಬದಲಾಗಿದೆ, ಇವಳು ಆರಾಮಾಗಿದ್ದಾಳೆ ಅಂತಲೇ ಅಂದುಕೊಂಡೆ.

"ಸುಗಲಾ ಅಕ್ಕಾ! ಎಷ್ಟು ಆರಾಮ ಆಗೀರಲ್ರಿ!" ಅಂತ ಅಂಗಳದಿಂದಲೇ ಕೂಗಿದೆ.

ಅವಳು ಮೊರ ಕೆಳಗಿಟ್ಟಳು. "ನಾ ಸುಗಲಾ ಅಲ್ರಿ ಬಾಯಾರ. ನಾ ಆಕಿ ಅಕ್ಕ, ಕಸ್ತೂರಿಬಾಯಿ. ಸುಗಲಾ ಒಳಗ ಮಲಗ್ಯಾಳ."

"ಮತ್ತ ಅವತ್ತ ಮಳಿಯಾಗ ನಾ ರಕ್ತ ತಗೊಂಡಿದ್ದು ಯಾರ್ದು?" ಅಂದೆ.

"ನಂದೇ ಅಲ್ಲೇನ್ರಿ" ಅಂದಳು. ಅಂಜಿಕೆ ಇಲ್ಲ, ಮುಚ್ಚುಮರೆ ಇಲ್ಲ. ಉಪಕಾರ ಮಾಡಿದವರು ಹೇಳುವ ಹಾಗೆ ಹೇಳಿದಳು. "ತಂಗಿ ಮೈಯಾಗ ರಕ್ತಾನೇ ಇಲ್ಲ ಅಂತ ನಿಮ್ಮ ಡಾಕ್ಟರೇ ಅಂದಿದ್ರು. ಇದ್ದ ನಾಕ್ ಹನಿನೂ ನೀವು ಒಯ್ಯಾಕ ಬಂದ್ರ ನನಗ ತಡೀಲಿಲ್ರಿ. ಆಕಿ ಆಪರೇಷನ್ ಆದಾಗ ದವಾಖಾನಿಯಾಗ ಏನಂದ್ರು? ಪೇಷಂಟ್ ಕಡಿಯವ್ರು ಯಾರಾದ್ರೂ ರಕ್ತ ಕೊಡ್ರಿ ಅಂದ್ರು. ಅವತ್ತೂ ನಾನೇ ಕೊಟ್ಟೆ. ಅದು ನಡೀತಲ್ರಿ. ಒಂದೇ ಹೊಟ್ಟ್ಯಾಗ ಹುಟ್ಟೇವಿ, ಒಂದೇ ಮನಿಗಿ ಅಣ್ಣ-ತಮ್ಮರಿಗಿ ಕೊಟ್ಟಾರ. ರಕ್ತ ಬ್ಯಾರೆ ಹ್ಯಾಂಗ ಆಗ್ತದ್ರಿ?"

ಅವಳಿಗೆ ಏನಂತ ಬೈಯಲಿ? ದವಾಖಾನೆಯಲ್ಲಿ ನಾವೇ ಕಲಿಸಿದ ಪಾಠ ಅದು. ಒಬ್ಬರ ಬದಲು ಒಬ್ಬರು ರಕ್ತ ಕೊಡುವುದು ನಾವೇ ಹಾಕಿದ ಪದ್ಧತಿ. ಏರಿಸುವ ರಕ್ತ ಬೇರೆ, ಪರೀಕ್ಷೆಯ ರಕ್ತ ಬೇರೆ, ಒಡಹುಟ್ಟಿದವರ ಜೀನೂ ಒಂದೇ ಇರುವುದಿಲ್ಲ ಅಂತ ಆ ಮನೆಯ ಪಡಸಾಲೆಯಲ್ಲಿ ಕೂತು ಹೇಳಬೇಕಾದವಳು ನಾನು. ನಾನು ಬಸ್ಸಿನ ಹಾರ್ನ್ ಕೇಳುತ್ತ ಕೂತಿದ್ದೆ.

ಒಳಗೆ ಹೋದೆ. ಕೋಣೆಯಲ್ಲಿ ಹೊರಸಿನ ಮೇಲೆ ಕೌದಿ ಹೊದ್ದು ಮಲಗಿದ್ದವಳ ಮುಖ ನಾನು ಹಿಂದೆಂದೂ ನೋಡದ್ದು. ಕಣ್ಣು ಒಳಗೆ ಹೋಗಿದ್ದವು, ಹೊಟ್ಟೆ ದಿಬ್ಬದಂತೆ ಎದ್ದಿತ್ತು. "ಬಂದ್ರೇನ್ರಿ ಬಾಯಾರ?" ಅಂದಳು. ಫೋನಿನ ದನಿ. ಅದೇ ಸಣ್ಣ ದನಿ. ನನಗೆ ಅಳು ತಡೆಯಲಿಲ್ಲ, ಬ್ಯಾಗಿನೊಳಗೆ ಏನೋ ಹುಡುಕುವವಳಂತೆ ತಲೆ ಬಗ್ಗಿಸಿದೆ.

"ಮತ್ತ ಯಾಕ್ರಿ ರಕ್ತ?" ಅಂತ ಕೇಳಿದಳು.

"ಹಿಂದಿಂದು ಹಾಳಾತ್ರಿ ಅಕ್ಕಾ" ಅಂದೆ.

ಎಡಗೈಯಲ್ಲಿ ನರ ಸಿಗಲಿಲ್ಲ. ಬಲಗೈಯಲ್ಲಿ ಎರಡು ಸಲ ಚುಚ್ಚಿದೆ, ಸಿಗಲಿಲ್ಲ. ಕೊನೆಗೆ ಪಾದದ ಮೇಲೆ ಸಿಕ್ಕಿತು. ಅವಳು ಹಲ್ಲು ಕಚ್ಚಿಕೊಂಡಳು. ಬಾಗಿಲಲ್ಲಿ ನಿಂತಿದ್ದ ಕಸ್ತೂರಿಬಾಯಿ ಮುಖ ಆ ಕಡೆ ತಿರುಗಿಸಿ, "ಇದಕ್ಕೇ ನೋಡ್ರಿ ನಾ ಕೊಟ್ಟಿದ್ದು" ಅಂದಳು.

ಆ ದಿನ ಕಲಬುರಗಿಗೆ ಹೋಗದೆ ಆಳಂದದ ಮನೆಗೆ ಹೋದೆ. ಯಾರಿಗೂ ಹೇಳದಿದ್ದರೆ ಏನಾಗುತ್ತದೆ ಅಂತ ದಾರಿಯುದ್ದಕ್ಕೂ ವಿಚಾರ ಮಾಡಿದೆ. ಹೊಸ ರಿಪೋರ್ಟ್ ಬೇರೆ ಬಂದರೆ ಲ್ಯಾಬಿನಲ್ಲಿ ಏನೋ ಗಡಿಬಿಡಿ ಅಂತ ಹೋಗಬಹುದು. ನನ್ನ ಕೆಲಸ ಉಳಿಯಬಹುದು. ಅಮ್ಮಿ ನನ್ನ ಮುಖ ನೋಡಿಯೇ ಕೇಳಿದಳು, ಎಲ್ಲಾ ಹೇಳಿಬಿಟ್ಟೆ. ಅವಳು ರೊಟ್ಟಿ ಬಡಿಯುವುದು ನಿಲ್ಲಿಸಲಿಲ್ಲ. "ಝೂಟ್ ನಕ್ಕೋ ಬೋಲ್ ಬೇಟಾ" ಅಂದಳು. ಸುಳ್ಳು ಹೇಳಬೇಡ, ಅಷ್ಟೇ. ಮರುದಿನ ಬೆಳಿಗ್ಗೆ ಮೇಡಂ ಮುಂದೆ ನಿಂತೆ.

ಮೇಡಂ ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು. ಆಮೇಲೆ ಫೋನ್ ಎತ್ತಿ ಅವತ್ತೇ ಔಷಧ ಬದಲಿಸಲು ಹೇಳಿದರು. ಆದರೆ ಹೊಸ ಔಷಧ ತಡೆಯುವ ಶಕ್ತಿ ಸುಗಲಾಬಾಯಿಯ ಮೈಯಲ್ಲಿ ಉಳಿದಿರಲಿಲ್ಲ. ಒಂದು ಸುತ್ತು ಹಾಕಿದರು. ಎರಡನೆಯದಕ್ಕೆ ಅವಳು ಬರಲಿಲ್ಲ, ಅವಳ ಗಂಡ ಬಂದು ತೀರಿಕೊಂಡಳು ಅಂತ ಹೇಳಿ, ಔಷಧದ ಚೀಟಿಗಳನ್ನೆಲ್ಲ ಕೌಂಟರಿನಲ್ಲಿಟ್ಟು ಹೋದ.

ಅವಳ ನಿಜವಾದ ರಿಪೋರ್ಟ್ ಮಣ್ಣು ಮಾಡಿದ ನಾಲ್ಕು ದಿನಕ್ಕೆ ಬಂತು. ರಿಪೇರಿ ಜೀನ್‌ಗಳಲ್ಲಿ ಯಾವ ದೋಷವೂ ಇರಲಿಲ್ಲ. "ಮೊದಲೇ ಔಷಧ ಬದಲಿಸಿದ್ದರೆ ಬದುಕುತ್ತಿದ್ದಳಾ ಮೇಡಂ?" ಅಂತ ಕೇಳಿದೆ. "ಬದುಕುತ್ತಿದ್ದಳು ಅಂತ ಹೇಳಲಾರೆ. ಒಂದಿಷ್ಟು ತಿಂಗಳು ಸಿಗುತ್ತಿದ್ದವೇನೋ. ಅದೂ ಖಾತ್ರಿ ಇಲ್ಲ. ಆದರೆ ಆ ಮೂರು ಸುತ್ತಿನ ವಾಂತಿ, ಸಂಕಟ ಸುಮ್ಮನೆ ಕೊಟ್ಟಂಗಾಯ್ತು" ಅಂದರು. ಆಮೇಲೆ ಹಳೆಯ ರಿಪೋರ್ಟ್ ತೆಗೆದು ನನ್ನ ಮುಂದೆ ಇಟ್ಟರು. "ಇದು ಅಕ್ಕನದು. ಇವಳಿಗೆ ಇನ್ನೂ ಬೇನೆ ಬಂದಿಲ್ಲ. ಬರುವ ಅಪಾಯ ಬಹಳ ಇದೆ. ಈಗಲೇ ಬಂದರೆ ಇನ್ನೊಮ್ಮೆ ಪರೀಕ್ಷೆ ಮಾಡಿ ಖಾತ್ರಿ ಮಾಡಿಕೊಂಡು, ಅಂಡಾಶಯ ತೆಗೆದು ಜೀವ ಉಳಿಸಬಹುದು. ಅವಳಿಗೆ ಹೇಳಬೇಕು."

"ನಾನೇ ಹೇಳ್ತೀನಿ" ಅಂದೆ. ಮತ್ಯಾರು ಹೇಳಬೇಕು?

ಹೋದೆ. ಅರ್ಧ ಹೇಳಿ ಅರ್ಧ ಬಿಡಬೇಕು ಅಂತ ಮನಸ್ಸಿನಲ್ಲಿ ಕಟ್ಟಿಕೊಂಡು ಹೋಗಿದ್ದೆ. ನಿಮ್ಮ ರಕ್ತದಲ್ಲಿ ಹೀಗೆ ಕಂಡಿದೆ, ದವಾಖಾನೆಗೆ ಬರ್ರಿ, ಇಷ್ಟೇ. ಕಸ್ತೂರಿಬಾಯಿ ಹೆಬ್ಬೆಟ್ಟು ಒತ್ತುವವಳು ನಿಜ, ಆದರೆ ದಡ್ಡಿಯಲ್ಲ. ಪೂರ್ತಿ ಕೇಳಿಕೊಂಡಳು. ಆಮೇಲೆ ಒಂದೊಂದೇ ಕೇಳಿದಳು.

"ನನ್ನ ರಕ್ತದ ರಿಪೋರ್ಟ್ ನೋಡೇ ಆಕಿಗಿ ಮತ್ತ ಆ ಔಷಧ ಹಾಕಿದ್ರೇನ್ರಿ?"

ಇಲ್ಲ ಅನ್ನಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು. "ಹೌದ್ರಿ" ಅಂದೆ.

"ಆ ಔಷಧ ನನಗಾದ್ರ ಹತ್ತತಿತ್ತು?"

"ನಿಮಗ ಬೇನಿ ಇದ್ದಿದ್ರ ಬಹುಶಃ ಹತ್ತತಿತ್ರಿ. ತಪ್ಪು ನಂದು ಅಕ್ಕಾ. ಕಾರ್ಡ್ ನೋಡಬೇಕಾಗಿತ್ತು, ನೋಡಲಿಲ್ಲ. ನಿಮ್ಮ ಕೈ ಮುಟ್ಟೇ ತಿಳ್ಕೋಬೇಕಾಗಿತ್ತು. ನನಗ ಬೈರಿ, ಹೊಡೀರಿ."

ಅವಳು ಬೈಯಲಿಲ್ಲ. "ಆಕಿ ರಿಪೋರ್ಟ್ ಏನ್ ಬಂತು?" ಅಂದಳು.

"ಆಕಿದು ಎಲ್ಲಾ ಸರಿ ಇತ್ರಿ."

"ಸರಿ ಇದ್ದಾಕಿ ಸತ್ತಳು. ಕೆಟ್ಟಾಕಿ ಇಲ್ಲಿ ಕುಂತೀನಿ" ಅಂದಳು. ಆಮೇಲೆ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು, ಒಳಗೆ ಮೈದುನ ಇದ್ದಾನೆ, ಅವನಿಗೆ ಕೇಳಬಾರದು ಅಂತ. ತಂಗಿಯ ಗಂಡನಾದ ಆ ಮೈದುನನಿಗೆ ಅವಳು ರಕ್ತ ಅದಲು ಬದಲಾದ ಮಾತು ಇವತ್ತಿನವರೆಗೂ ಹೇಳಿಲ್ಲ. ನಾನೂ ಹೇಳಿಲ್ಲ. ಮೇಡಂ ಹೇಳಬೇಕು ಅಂದಿದ್ದರು. ಅವಳು ನನ್ನ ಕಾಲು ಹಿಡಿದುಕೊಂಡು ಬೇಡ ಅಂದಳು. ಇದು ಸರಿಯೋ ತಪ್ಪೋ ನನಗೆ ತಿಳಿಯದು.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಮೇಡಂ ನಡೆದದ್ದನ್ನೆಲ್ಲ ಬರೆದು ಮೇಲಿನವರಿಗೆ ಕೊಟ್ಟರು, ನನ್ನಿಂದ ಸಹಿ ಹಾಕಿಸಿಕೊಂಡರು. ಈಗ ಹಳ್ಳಿಗೆ ಹೋಗುವವರು ಕಾರ್ಡಿನ ಫೋಟೋ ಜೊತೆ ಪೇಷಂಟಿನ ಮುಖದ ಫೋಟೋ ತೆಗೆದ ಮೇಲೇ ಸೂಜಿ ಹಿಡಿಯುತ್ತಾರೆ. ಹೊಸ ಹುಡುಗಿಯರು ಇಷ್ಟೆಲ್ಲಾ ಯಾಕ್ರಿ ಅಂತ ಗೊಣಗಿದರೆ ನಾನು ಕಾರಣ ಹೇಳುವುದಿಲ್ಲ, ಸುಮ್ಮನೆ ರೇಗುತ್ತೇನೆ. ಲ್ಯಾಬಿನಲ್ಲಿ ನನಗೆ ಕೆಟ್ಟ ಬಾಯಿಯವಳು ಅಂತ ಹೆಸರು ಬಂದಿದೆ. ಬರಲಿ.

ಕಸ್ತೂರಿಬಾಯಿ ದವಾಖಾನೆಗೆ ಬರಲಿಲ್ಲ. ಫೋನ್ ಮಾಡಿದರೆ ಪ್ರೀತಿಯಿಂದ ಮಾತಾಡುತ್ತಾಳೆ, ಅಮ್ಮಿಯ ಮೊಣಕಾಲು ನೋವು ಕೇಳುತ್ತಾಳೆ. ಪರೀಕ್ಷೆಯ ಮಾತು ತೆಗೆದರೆ ರಾಶಿ ಆಗಲಿ ಅನ್ನುತ್ತಾಳೆ, ಬಿತ್ತನೆ ಆಗಲಿ ಅನ್ನುತ್ತಾಳೆ. ಅದಕ್ಕೇ ಮೊನ್ನೆ ರಜೆ ಹಾಕಿ ನಾನೇ ಮಣ್ಣೂರಿಗೆ ಹೋದದ್ದು. ಈ ಸಲ ಕರೆದುಕೊಂಡೇ ಬರಬೇಕು ಅಂತ ಹಟ ಹಿಡಿದು ಹೋಗಿದ್ದೆ.

ಮೊದಲ ದಿನ ಬಿಟ್ಟುಬಂದ ಛಾ ಈಗಾದರೂ ಕುಡೀರಿ ಅಂತ ಮಾಡಿಕೊಟ್ಟಳು. ಕುಡಿದು, ಅವಳ ಕೈ ಹಿಡಿದುಕೊಂಡು ಹೇಳಿದೆ. "ಅಕ್ಕಾ, ತಡಾ ಮಾಡಬ್ಯಾಡ್ರಿ. ಆಪರೇಷನ್ ಮಾಡಿಸ್ಕೊಂಡ್ರ ಅಪಾಯ ಬಹಳ ಕಡಿಮಿ ಆಗ್ತದ. ಮತ್ತ ಬೇನಿ ಬಂದ್ರೂ ಔಷಧ ಅದ, ನಿಮಗ ಹತ್ತೋ ಔಷಧ ಅದ. ನಾ ನಿಮ್ಮ ಬಾಜೂಕ ಇರ್ತೇನಿ. ನಾಳೆ ಬರ್ರಿ."

ಅವಳು ನನ್ನ ಕೈ ಮೆತ್ತಗೆ ಬಿಡಿಸಿಕೊಂಡಳು. ಸಿಟ್ಟಿರಲಿಲ್ಲ, ದುಃಖವೂ ಮೇಲೆ ಕಾಣಲಿಲ್ಲ. ಯಾವತ್ತೋ ತೀರ್ಮಾನ ಮಾಡಿ ಮುಗಿಸಿದವಳ ಹಾಗೆ ಮಾತಾಡಿದಳು.

"ನನಗ ಹತ್ತೋ ಔಷಧ ಅಂತೀರಲ್ರಿ ಬಾಯಾರ. ಅದು ನನ್ನ ಪಾಲಿಂದು. ಮೂರು ಸಲ ನನ್ನ ತಂಗಿ ಮೈಯಾಗ ಹಾಕಿ ಮುಗಿಸೀರಿ. ಮತ್ತ ಯಾವ ಮುಖ ಇಟ್ಕೊಂಡು ನಾ ಬಂದು ಬೇಡ್ಲಿ?"